ಮೀನಿನ ಕಾಲೇಜಿನ ಕಟ್‌ಆಫ್

ಅರ್ಮಿರಾಕಿಯಲ್ಲಿ ಜೂನ್ ತಿಂಗಳ ಕೊನೆಗೆ ಯಾರೂ ಯಾರನ್ನೂ ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ, ಎಷ್ಟು ಬಂತು ಎಂದು ಕೇಳುತ್ತಾರೆ. ಇಡೀ ಗ್ರೀಸಿನ ಮಕ್ಕಳು ಒಂದೇ ಪರೀಕ್ಷೆ ಬರೆದು, ಇಪ್ಪತ್ತು ಸಾವಿರಕ್ಕೆ ತಮಗೆ ಎಷ್ಟು ಅಂಕ ಬಂತೆಂದು ತಿಳಿದುಕೊಳ್ಳುವ ವಾರ ಅದು. ಆಮೇಲೆ ಯಾವ ವಿಶ್ವವಿದ್ಯಾಲಯದ ಯಾವ ವಿಭಾಗ ಬೇಕೆಂದು ಸರಕಾರಕ್ಕೆ ಬರೆದು ತಿಳಿಸಬೇಕು. ಜುಲೈ ಕೊನೆಗೆ ಸೀಟು ಹಂಚಿಕೆ. ಒಂದೊಂದು ವಿಭಾಗದಲ್ಲೂ ಕಟ್ಟಕಡೆಗೆ ಸೀಟು ಸಿಕ್ಕವರ ಅಂಕ ಎಷ್ಟೋ ಅದೇ ಆ ವರ್ಷದ ಕಟ್‌ಆಫ್. ಕಾಫಿ ಅಂಗಡಿಯ ಗಂಡಸರಿಗೆ ಹೆಂಡತಿಯ ಹೆಸರಿನ ಸಂತರ ಹಬ್ಬ ಯಾವತ್ತು ಎನ್ನುವುದು ಮರೆತುಹೋದೀತು, ಯಾವ ಕಾಲೇಜಿಗೆ ಎಷ್ಟು ಕಟ್‌ಆಫ್ ಎನ್ನುವುದು ಮಾತ್ರ ನಾಲಗೆಯ ತುದಿಯಲ್ಲೇ ಇರುತ್ತದೆ.

ಮಿಠಾಯಿ ಅಂಗಡಿಯ ಥೆಮಿಸ್ ಆ ವರ್ಷ, ಎಷ್ಟು ಬಂತು ಎಂದು ಕೇಳುವ ಶ್ರಮವನ್ನೇ ಯಾರಿಗೂ ಕೊಡಲಿಲ್ಲ. ಬಾಗಿಲು ದಾಟಿ ಒಳಗೆ ಕಾಲಿಟ್ಟವರಿಗೆಲ್ಲ ತಾನೇ ಹೇಳಿದ.

"ಹದಿನೆಂಟು ಸಾವಿರದ ಏಳುನೂರು! ನನ್ನ ಕ್ಲಿಯೊ! ಥೂ ಥೂ ಥೂ, ದೃಷ್ಟಿ ತಾಗದೇ ಇರ್ಲಿ! ಡಾಕ್ಟರ್ ಆಗ್ತಾಳೆ, ಇನ್ನೇನು!"

ಗಲ್ಲಾಪೆಟ್ಟಿಗೆಯ ಹಿಂದೆ ಅವನ ಹೆಂಡತಿ ಅರ್ಗಿರೊ ಮಿಠಾಯಿ ಡಬ್ಬಿಗೆ ದಾರ ಕಟ್ಟುತ್ತ ನಗುತ್ತಿದ್ದಳು. ಅವಳಿಗೂ ಅಂಕ ಬಂದಿತ್ತು. ಹನ್ನೊಂದು ಸಾವಿರದ ನೂರ ಅರವತ್ತು. ಗಂಡನಿಗೆ ಮಾತ್ರ ಅದರ ಸುಳಿವೇ ಇರಲಿಲ್ಲ.

ನಲವತ್ತೇಳು ವರ್ಷದ ಹೆಂಗಸು ಮಗಳ ಜೊತೆ ಪರೀಕ್ಷೆಗೆ ಕೂತದ್ದಕ್ಕೆ ಕಾರಣ ಮಗಳೇ. ಕ್ಲಿಯೊಗೆ ಗಟ್ಟಿಯಾಗಿ ಓದುವ ಚಾಳಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಜೀವಶಾಸ್ತ್ರ, ರಸಾಯನಶಾಸ್ತ್ರ ಒಪ್ಪಿಸುತ್ತಿದ್ದರೆ, ಅರ್ಗಿರೊ ಹಿಟ್ಟಿನ ಹಾಳೆ ತೆಳ್ಳಗೆ ಎಳೆಯುತ್ತ, ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟ ಪುಸ್ತಕ ನೋಡಿ ಪ್ರಶ್ನೆ ಕೇಳಬೇಕು. ಮೊದಲ ಚಳಿಗಾಲದಲ್ಲಿ ಪುಸ್ತಕ ನೋಡಿ ಕೇಳಿದಳು. ಎರಡನೆಯ ಚಳಿಗಾಲದಲ್ಲಿ ನೋಡದೆ ಕೇಳಿದಳು. ಕೊನೆಕೊನೆಗೆ ಮಗಳು ತಪ್ಪು ಹೇಳಿದರೆ ಹಿಟ್ಟು ಮೆತ್ತಿದ ಕೈಯೆತ್ತಿ ತಡೆದು ತಾನೇ ತಿದ್ದುತ್ತಿದ್ದಳು.

"ಅಮ್ಮಾ, ನೀನೇ ಪರೀಕ್ಷೆ ಬರ್ದುಬಿಡು ಅತ್ಲಾಗೆ," ಎಂದಿದ್ದಳು ಕ್ಲಿಯೊ, ತಮಾಷೆಗೆ. ತಮಾಷೆಯ ಮಾತು ಅರ್ಗಿರೊಳ ತಲೆಯೊಳಗೆ ಹೊಕ್ಕಿದ್ದು ಆಚೆ ಬರಲೇ ಇಲ್ಲ.

ಊರಿನಲ್ಲೇ ಪರೀಕ್ಷೆಗೆ ಕೂತರೆ ಡಂಗುರ ಸಾರಿದಂತೆ. ಹದಿನೆಂಟರ ಹುಡುಗಿಯಾಗಿದ್ದಾಗ ಅವಳು ಒಮ್ಮೆ ಈ ಪರೀಕ್ಷೆ ಬರೆದು ಸೀಟು ಸಿಗದೆ ಸೋತಿದ್ದಳು. ಆಗ ಸೋದರತ್ತೆ ಚರ್ಚಿನ ಬಾಗಿಲಲ್ಲಿ ನಿಂತು, ಊರಿಗೆಲ್ಲ ಕೇಳುವ ಹಾಗೆ ಸಮಾಧಾನ ಹೇಳಿದ್ದಳು. ಸೋತದ್ದು ಸಹಿಸಬಹುದಿತ್ತು, ಆ ಸಮಾಧಾನ ಸಹಿಸಲಾಗಿರಲಿಲ್ಲ. ಅದಕ್ಕೇ ಈ ಸಲ ಅಕ್ಕ ಫೋತಿನಿ ಇದ್ದ ದೊಡ್ಡ ಊರಿನಲ್ಲಿ ಹೆಸರು ನೋಂದಾಯಿಸಿದಳು. ಪರೀಕ್ಷೆ ಇದ್ದ ದಿನವೆಲ್ಲ ಫೋತಿನಿಯ ಮೊಣಕಾಲು ತಪ್ಪದೆ ಕೈಕೊಟ್ಟಿತು.

"ಮಗಳ ಪರೀಕ್ಷೆ ದಿನಾನೇ ನಿಮ್ಮಕ್ಕನ ಕಾಲು ನೋಯ್ಬೇಕಾ?" ಎಂದು ಥೆಮಿಸ್ ಕೂಗಾಡಿದ.

"ಹೋಗ್ಲಿ ಬಿಡಪ್ಪ, ಅಮ್ಮ ಪಕ್ಕದಲ್ಲಿದ್ರೆ ನಂಗೆ ಗಾಬರಿ ಆಗುತ್ತೆ," ಎಂದು ಕ್ಲಿಯೊ ಸಂಭಾಳಿಸಿದಳು. ಥೆಮಿಸ್ ಕೆಟ್ಟ ಮನಸ್ಸಿನವನಲ್ಲ. ಬೈದುಕೊಂಡೇ ಪ್ರತಿ ಸಲ ಹೆಂಡತಿಯ ಅಕ್ಕನಿಗೆ ಒಂದು ಡಬ್ಬಿ ಮಿಠಾಯಿ ಕಳಿಸಿದ. ನೋವಿಲ್ಲದ ಮೊಣಕಾಲಿಟ್ಟುಕೊಂಡು ಫೋತಿನಿ ಅದನ್ನೆಲ್ಲ ತಿಂದಳು.

ಅರ್ಗಿರೊಗೆ ಬೇಕಿದ್ದದ್ದು ಒಂದೇ ಒಂದು ವಿಭಾಗ. ಊರಂಚಿನ ಹಿನ್ನೀರಿನ ದಂಡೆಯಲ್ಲಿದ್ದ ಸರಕಾರಿ ವಿಶ್ವವಿದ್ಯಾಲಯದ ಮೀನುಗಾರಿಕೆ ವಿಭಾಗ, ಊರವರ ಬಾಯಲ್ಲಿ ಮೀನಿನ ಕಾಲೇಜು. ಅವಳಪ್ಪ ಆ ಹಿನ್ನೀರಿನಲ್ಲಿ ಮೀನು ಹಿಡಿದವನು. ಆ ನೀರಿನ ಮೀನುಗಳೆಲ್ಲ ಅವಳಿಗೆ ಹೆಸರಿನಿಂದ ಗೊತ್ತು, ಅವುಗಳ ಒಳಗುಟ್ಟು ಗೊತ್ತಿಲ್ಲ. ಅದನ್ನು ತಿಳಿಯಬೇಕೆಂಬ ಆಸೆ ಚಿಕ್ಕಂದಿನದು. ಬೇರೆ ಊರಿಗೆ ಹೋಗಿ ಓದುವುದಂತೂ ಆಗದ ಮಾತು. ಹೋದ ವರ್ಷ ಅಲ್ಲಿನ ಕಟ್‌ಆಫ್ ಎಂಟು ಸಾವಿರದ ಒಂಬೈನೂರು. ತನ್ನ ಹನ್ನೊಂದು ಸಾವಿರ ಧಾರಾಳವಾಯಿತು ಎಂದು ನೆಮ್ಮದಿಯಾಗಿ ಆ ಒಂದೇ ಹೆಸರನ್ನು ಬರೆದು ಕಳಿಸಿದಳು. ಸೀಟು ಸಿಕ್ಕರೆ ಥೆಮಿಸ್‌ಗೆ ಹೇಳುವುದು, ಸಿಗದಿದ್ದರೆ ಫೋತಿನಿಯ ಮೊಣಕಾಲಿನ ಜೊತೆಗೇ ಈ ಕಥೆಯೂ ಮುಗಿಯಲಿ ಎಂದುಕೊಂಡಳು.

ಜುಲೈ ಮೊದಲ ಭಾನುವಾರ ಊಟದ ಮೇಜಿನಲ್ಲಿ ಕ್ಲಿಯೊ ಬಾಂಬು ಹಾಕಿದಳು. ಡಾಕ್ಟರಿಕೆ ಬೇಡ, ತನಗೆ ಮೀನಿನ ಕಾಲೇಜೇ ಬೇಕು.

ಥೆಮಿಸ್ ಬಾಯಿಗಿಟ್ಟುಕೊಂಡಿದ್ದ ಸಾರ್ಡೀನ್ ಮೀನನ್ನು ಮತ್ತೆ ತಟ್ಟೆಗೆ ಇಟ್ಟ. "ಮೀನಿನ ಕಾಲೇಜಾ? ಅದಕ್ಕೆ ಒಂಬತ್ತು ಸಾವಿರಾನೂ ಕಟ್‌ಆಫ್ ಇಲ್ಲ ಕಣೇ! ತನ್ನ ಹೆಸರು ತಾನು ಬರೆಯೋಕೆ ಬಂದ್ರೆ ಸಾಕು, ಕರ್ದು ಸೀಟು ಕೊಡ್ತಾರೆ. ಅಲ್ಲಿಗೆ ಯಾರು ಬೇಕಾದ್ರೂ ನುಗ್ತಾರೆ!"

ಆ ಯಾರು ಬೇಕಾದರೂ ಎನ್ನುವವರ ಪೈಕಿ ಒಬ್ಬಳು ಅವನ ಎದುರಿಗೇ ಕೂತು ಸಲಾಡಿಗೆ ಎಣ್ಣೆ ಹಾಕುತ್ತಿದ್ದಳು. ಎಣ್ಣೆ ಸ್ವಲ್ಪ ಜಾಸ್ತಿಯೇ ಬಿತ್ತು.

"ನಂಗೆ ಅದೇ ಇಷ್ಟ ಅಪ್ಪ," ಎಂದಳು ಕ್ಲಿಯೊ.

"ಹದಿನೆಂಟು ಸಾವಿರದ ಏಳುನೂರು ಇಟ್ಕೊಂಡು? ಅರ್ಧಕ್ಕರ್ಧ ದಂಡ!"

"ಅಂಕ ಏನು ಬಸ್ ಟಿಕೆಟ್ಟಾ? ದುಡ್ಡು ಕೊಟ್ಟಿದೀನಿ ಅಂತ ಕೊನೇ ಸ್ಟಾಪ್ ತನಕ ಕೂತಿರ್ಬೇಕಾ? ನಮ್ಮೂರು ಬಂತು, ನಾನು ಇಳೀತೀನಿ."

"ಎದುರಿಗಿನ ಪಾಸ್ಖಾಲಿಸ್‌ಗೆ ಏನಂತ ಮುಖ ತೋರಿಸ್ಲಿ? ಅವನ ಮಗ ಹಲ್ಲಿನ ಡಾಕ್ಟರಿಕೆಗೆ ಥೆಸ್ಸಲೊನೀಕಿಗೆ ಹೋಗ್ತಿದಾನೆ!"

"ಅವರ ಮುಖ ಯಾಕೆ ನೋಡ್ತೀಯ? ಅವರೇನು ನನ್ನ ಜೊತೆ ಕ್ಲಾಸಲ್ಲಿ ಬಂದು ಕೂರ್ತಾರಾ? ನಮ್ಮನೆಯವರಾದ್ರೆ ಬೇರೆ ಮಾತು," ಎಂದಳು ಕ್ಲಿಯೊ, ತಾಯಿಯ ಕಡೆ ಓರೆನೋಟ ಬೀರಿ. ಅರ್ಗಿರೊಗೆ ನೆತ್ತಿ ಹತ್ತಿತು.

ಎರಡು ದಿನ ಥೆಮಿಸ್ ಬಂದವರಿಗೆ ಮಗಳ ಅಂಕ ಹೇಳುವುದನ್ನೂ ನಿಲ್ಲಿಸಿದ. ಪಾಸ್ಖಾಲಿಸ್ ತನ್ನ ಔಷಧಿ ಅಂಗಡಿಯ ಬಾಗಿಲಲ್ಲಿ ನಿಂತು, "ಏನಪ್ಪ, ಡಾಕ್ಟರಮ್ಮ ಈಗ ಮೀನಿಗೆ ಸೂಜಿ ಚುಚ್ತಾಳಂತೆ?" ಎಂದು ಕೂಗಿದಾಗ ಒಲೆ ನೋಡುವ ನೆಪದಲ್ಲಿ ಒಳಗೆ ಹೋದ. ಮೂರನೆಯ ಬೆಳಿಗ್ಗೆ ಮುಖ ಅರಳಿಸಿಕೊಂಡು ಹಿಂದಿನ ಕೋಣೆಗೆ ಬಂದ.

"ಅರ್ಗಿರೊ, ಮಗಳ ಮನಸ್ಸು ಬದಲಾಗಲ್ಲ, ಸರಿ. ಆದ್ರೆ ಕಟ್‌ಆಫ್ ಬದಲಾಗುತ್ತಲ್ಲ! ಅದೇನು ದೇವರು ಬರೆದಿಟ್ಟಿದ್ದಾ? ಒಳ್ಳೇ ಅಂಕ ಬಂದವ್ರು ಅಲ್ಲಿಗೆ ಹಾಕಿದ್ರೆ ತಾನಾಗೇ ಮೇಲಕ್ಕೆ ಹೋಗುತ್ತೆ. ಹೆಸರು ಕಳಿಸೋಕೆ ಇನ್ನೂ ಎರಡು ವಾರ ಇದೆ. ನಾನು ಏರಿಸ್ತೀನಿ ನೋಡ್ತಿರು. ನನ್ನ ಮಗಳು ಹೋಗೋ ಕಾಲೇಜು ಅಂದ್ರೆ ಜನ ಬಾಗಿಲಲ್ಲಿ ನಿಂತು ಅಳ್ಬೇಕು!"

ಅರ್ಗಿರೊ ಎಳೆಯುತ್ತಿದ್ದ ಹಿಟ್ಟಿನ ಹಾಳೆ ನಡುವೆ ಹರಿದುಹೋಯಿತು. ಬಾಗಿಲಲ್ಲಿ ನಿಂತು ಅಳಬೇಕಾದವರಲ್ಲಿ ಮೊದಲನೆಯವಳು ತಾನೇ ಎಂದು ಅವಳಿಗೆ ಆ ಕ್ಷಣವೇ ಹೊಳೆಯಿತು.

ಥೆಮಿಸ್ ಹಿಡಿದ ಕೆಲಸ ಬಿಡುವವನಲ್ಲ. ಹಾಲಿನ ಕೆನೆ ತುಂಬಿಸಿ ಪಾಕ ಸುರಿದ ಗಲಾಕ್ಟೊಬೂರೆಕೊ ಮಾಡುವುದರಲ್ಲಿ ಆ ಸೀಮೆಗೇ ಅವನ ಹೆಸರು. ಸುತ್ತಲಿನ ಊರುಗಳಿಂದ ಬೇಸಿಗೆಗೆ ಕಡಲ ತೀರಕ್ಕೆ ಬಂದವರೆಲ್ಲ ಅವನ ಅಂಗಡಿಗೆ ಬಾರದೆ ಹೋಗುತ್ತಿರಲಿಲ್ಲ. ಬಂದವರಲ್ಲಿ ಪರೀಕ್ಷೆ ಬರೆದ ಮಕ್ಕಳ ತಂದೆತಾಯಿ ಯಾರೆಂದು ಅವನಿಗೆ ಮುಖ ನೋಡಿದರೇ ತಿಳಿಯುತ್ತಿತ್ತು. ಅವರಿಗೆ ತಟ್ಟೆಗಟ್ಟಲೆ ಪುಕ್ಕಟೆ. ತಿನ್ನುತ್ತಿದ್ದ ಹಾಗೇ ಕಿವಿಯಲ್ಲಿ ಊದುತ್ತಿದ್ದ.

"ನಮ್ಮೂರ ಮೀನಿನ ಕಾಲೇಜು ಕೇಳಿದೀರಾ? ನಾರ್ವೆಯವ್ರು ಬಂದಿದ್ರು ಮೊನ್ನೆ. ಇದೇ ಕುರ್ಚಿಲಿ ಕೂತಿದ್ರು. ಪಾಸಾದವರನ್ನೆಲ್ಲ ಕಣ್ಣು ಮುಚ್ಚಿ ತಗೋತೀವಿ ಅಂದ್ರು. ಯಾರಿಗೂ ಹೇಳ್ಬೇಡಿ."

ಯಾರಿಗೂ ಹೇಳಬೇಡಿ ಎಂದ ಮೇಲೆ ಇನ್ನೇನು ಬೇಕು? ವಾರದೊಳಗೆ ನಾರ್ವೆಯವರ ಸುದ್ದಿ ಮೂರು ಜಿಲ್ಲೆ ಸುತ್ತಿ, ಕೊಂಬು ಬಾಲ ಬೆಳೆಸಿಕೊಂಡು ಅವನ ಅಂಗಡಿಗೇ ವಾಪಸು ಬಂತು. ನಾರ್ವೆಯ ಜೊತೆಗೆ ಈಗ ಜಪಾನೂ ಸೇರಿಕೊಂಡಿತ್ತು. ಥೆಮಿಸ್ ಅದನ್ನು ಕೇಳಿ ತಾನೇ ಬೆರಗಾದ, ನಂಬಿಯೂಬಿಟ್ಟ.

ಅರ್ಗಿರೊ ಸುಮ್ಮನೆ ಕೂರಲಿಲ್ಲ. ಗಂಡ ಮುಂದಿನ ಮೇಜಿನಲ್ಲಿ ಕಟ್ಟಿದ್ದನ್ನು ಅವಳು ಗಲ್ಲಾಪೆಟ್ಟಿಗೆಯ ಹತ್ತಿರ ಕೆಡವತೊಡಗಿದಳು. ಡಬ್ಬಿ ಕೈಗಿಡುತ್ತ, "ಸೊಳ್ಳೆ ನೋಡಿ ಇಲ್ಲಿ, ಎತ್ಕೊಂಡು ಹೋಗ್ತವೆ," ಎನ್ನುವಳು. "ಕೈಗೆ ಹತ್ತಿದ ವಾಸನೆ ಮದುವೆ ಆದ್ರೂ ಹೋಗಲ್ಲ," ಎನ್ನುವಳು. ಇಬ್ಬರು ಮೂವರು ತಾಯಂದಿರು ಮುಖ ಸಿಂಡರಿಸಿಕೊಂಡು ಹೋದರು. ಅವಳಿಗೆ ಉಸಿರು ಬಂದಂತಾಯಿತು, ನಾಚಿಕೆಯೂ ಆಯಿತು. ತನಗೆ ಜೀವದಷ್ಟು ಬೇಕಾದದ್ದನ್ನು ತಾನೇ ಹಳಿಯಬೇಕಾಗಿ ಬಂತಲ್ಲ ಎಂದು.

ಒಂದು ಮಧ್ಯಾಹ್ನ ದೊಡ್ಡ ಊರಿನಿಂದ ಒಬ್ಬ ತಾಯಿ ಮಗ ಬಂದರು. ಉದ್ದ ಕತ್ತಿನ ಹುಡುಗ, ಹದಿನೈದು ಸಾವಿರ ಅಂಕ. ಥೆಮಿಸ್ ಅವರಿಗೆ ನಾರ್ವೆ ಜಪಾನು ಎರಡನ್ನೂ ಬಡಿಸಿ, ಒಲೆ ನೋಡಲು ಒಳಗೆ ಹೋದ. ಅರ್ಗಿರೊ ಕೂಡಲೇ ಮೇಜಿನ ಹತ್ತಿರ ಬಂದಳು.

"ಅಲ್ಲಿ ಮಕ್ಕಳ ಕೈಲಿ ಹಾವುಮೀನು ಹಿಡಿಸ್ತಾರೆ ಅಮ್ಮ. ಲೋಳೆ, ವಾಸನೆ. ನಿಮ್ಮ ಹುಡುಗ ನೋಡಿದ್ರೆ ನಾಜೂಕು."

ತಾಯಿ ಹುಬ್ಬು ಗಂಟಿಕ್ಕಿದಳು. ಹುಡುಗ ಮಾತ್ರ ತಲೆಯೆತ್ತಿದ. "ಹಾವುಮೀನು ಇಲ್ಲೇ ಮರಿ ಹಾಕ್ತವಾ?"

ಇಲ್ಲಿ ಹೌದು ಎಂದು ಹೇಳಿ ಮಾತು ಮುಗಿಸಬೇಕಿತ್ತು. ಅರ್ಗಿರೊಳ ಬಾಯಿಂದ ಆ ಸುಳ್ಳು ಹೊರಡಲಿಲ್ಲ.

"ಇಲ್ಲಪ್ಪ. ಇಲ್ಲಿರೋ ಒಂದೇ ಒಂದು ಹಾವುಮೀನೂ ಇಲ್ಲಿ ಹುಟ್ಟಿದ್ದಲ್ಲ. ಆ ಕಡೆ ಮಹಾಸಾಗರದಲ್ಲಿ, ಅಮೆರಿಕದ ಹತ್ರ ಹುಟ್ಟೋದು. ಎಲೆ ಥರ ತೇಲ್ಕೊಂಡು ವರ್ಷಾನುಗಟ್ಟಲೆ ಬರ್ತವೆ. ಇಲ್ಲಿಗೆ ಬರೋಷ್ಟೊತ್ತಿಗೆ ಮೈ ಗಾಜು, ಆಚೆ ಕಡೆ ಇರೋದು ಕಾಣುತ್ತೆ. ಆಮೇಲೆ ನಮ್ಮ ಹಿನ್ನೀರಿನ ಕೆಸರಲ್ಲಿ ಹತ್ತು ಹದಿನೈದು ವರ್ಷ ಸುಮ್ನೆ ಇದ್ದುಬಿಡ್ತವೆ. ಒಂದು ಚಳಿಗಾಲದ ಮುಂಚೆ ಅದೇನಾಗುತ್ತೋ, ಕಣ್ಣು ದೊಡ್ಡದಾಗುತ್ತೆ, ಮೈ ಬೆಳ್ಳಿ ಆಗುತ್ತೆ, ಊಟಾನೇ ನಿಲ್ಲಿಸಿಬಿಡ್ತವೆ. ಬಿರುಗಾಳಿ ದಿನ ನೋಡ್ಕೊಂಡು ಹೊರಟವೇ, ಹುಟ್ಟಿದ ಜಾಗಕ್ಕೆ ವಾಪಸ್ಸು. ದಾರಿ ಯಾರು ಹೇಳ್ಕೊಟ್ರು?"

"ಯಾರು?" ಎಂದ ಹುಡುಗ, ಚಮಚ ಕೈಯಲ್ಲೇ ಹಿಡಿದು.

"ಅದೇ ಯಾರಿಗೂ ಸರಿಯಾಗಿ ಗೊತ್ತಿಲ್ಲ ಕಣೋ ಮಗಾ! ಈಗಲೂ ಹುಡುಕ್ತಾನೇ ಇದಾರೆ!" ಅರ್ಗಿರೊಳ ಕೆನ್ನೆ ಕೆಂಪಾಗಿತ್ತು. ಕೈ ಗಾಳಿಯಲ್ಲಿ ಸಮುದ್ರ ದಾಟುತ್ತಿತ್ತು.

ಹುಡುಗ ತಾಯಿಯ ಕಡೆ ತಿರುಗಿದ. "ಅಮ್ಮಾ, ಇದನ್ನೇ ಮೊದಲು ಹಾಕ್ತೀನಿ."

ಒಳಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಥೆಮಿಸ್, ಅವರು ಹೋದ ಮೇಲೆ ಹೆಂಡತಿಯನ್ನು ಅಪ್ಪಿಕೊಂಡ. "ಶಹಬ್ಬಾಸ್! ನಾನು ನಾರ್ವೆ ನಾರ್ವೆ ಅಂತ ಬಾಯಿ ಬಡ್ಕೊಂಡೆ, ನೀನು ಒಂದು ಹಾವುಮೀನಲ್ಲಿ ಮುಗಿಸ್ಬಿಟ್ಟೆ! ಇದೆಲ್ಲ ಎಲ್ಲಿ ಕಲ್ತೆ?"

"ಮಗಳು ಓದೋದು ಕೇಳಿಸ್ಕೋತಿದ್ದೆ," ಎಂದಳು ಅರ್ಗಿರೊ. ಮರುದಿನದಿಂದ ಥೆಮಿಸ್ ಬಂದವರಿಗೆಲ್ಲ ಆ ಕಥೆಯನ್ನೇ ತಪ್ಪುತಪ್ಪಾಗಿ ಹೇಳತೊಡಗಿದ. ತಪ್ಪನ್ನು ತಡೆಯಲಾರದೆ ಅವಳೇ ಗಲ್ಲಾದ ಹಿಂದಿನಿಂದ ತಿದ್ದುತ್ತಿದ್ದಳು. ಜನ ಬಾಯಿ ತೆರೆದು ಕೇಳುತ್ತಿದ್ದರು. ಇನ್ನೊಬ್ಬಳು ಹುಡುಗಿ, ಆಮೇಲೆ ಅವಳ ಗೆಳತಿ, ಹೀಗೆ ಆ ಕಾಲೇಜಿನ ಹೆಸರು ಮೊದಲಿಗೆ ಬರೆಯುತ್ತೇವೆಂದು ಹೋದವರು ಹಲವರು.

"ಅಪ್ಪನಿಗೆ ಹೇಳಿಬಿಡಮ್ಮ," ಎಂದು ಕ್ಲಿಯೊ ಹಿಂದಿನ ಕೋಣೆಯಲ್ಲಿ ಗೋಗರೆದಳು. "ನಿಂತ ಕಾಲಲ್ಲೇ ನಿಲ್ಲಿಸಿಬಿಡ್ತಾನೆ. ನೀನು ಹೀಗೆ ನಿನ್ನ ಸೀಟು ನೀನೇ ತಟ್ಟೆಲಿಟ್ಟು ಹಂಚ್ತಿದೀಯಲ್ಲ!"

"ನಿಲ್ಲಿಸ್ತಾನೆ, ಗೊತ್ತು. ಆಮೇಲೆ ನಂಗೆ ಸಿಕ್ಕಿದ್ದು ಸೀಟಾ, ಗಂಡ ಬಾಯಿ ಮುಚ್ಚಿಕೊಂಡಿದ್ದಕ್ಕೆ ಸಿಕ್ಕ ಬಹುಮಾನಾನಾ? ಬೇಡ. ಬರೋರು ಬರ್ಲಿ. ನಂಗೆ ಇದ್ರೆ ಇರುತ್ತೆ."

ಹೇಳುವುದೇನೋ ಹೇಳಿದಳು. ಆ ಎರಡು ವಾರ ಅಂಗಡಿಯ ಗಾಜಿನ ಬಾಗಿಲು ಕಿರ್ರೆಂದಾಗಲೆಲ್ಲ, ಬಂದವರ ಜೊತೆ ಪರೀಕ್ಷೆ ಬರೆದ ಮಗುವಿದೆಯೇ ಎಂದು ಅವಳು ಕತ್ತು ಚಾಚಿ ನೋಡುತ್ತಿದ್ದಳು.

ಸೀಟು ಹಂಚಿಕೆ ಪ್ರಕಟವಾಗುವ ಬೆಳಿಗ್ಗೆ ಥೆಮಿಸ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಅಂಗಡಿಯ ಬಾಗಿಲಲ್ಲಿ ಮೊಬೈಲ್ ಹಿಡಿದು ನಿಂತ. ಎದುರು ಬಾಗಿಲಲ್ಲಿ ಪಾಸ್ಖಾಲಿಸ್ ನಿಂತಿದ್ದ. ಅರ್ಗಿರೊ ಗಲ್ಲಾದ ಹಿಂದೆ, ದಾರದ ಉಂಡೆಗಳ ನಡುವೆ ತನ್ನ ಮೊಬೈಲ್ ಇಟ್ಟುಕೊಂಡು ಬೆರಳಾಡಿಸುತ್ತಿದ್ದಳು. ಗುಪ್ತಸಂಖ್ಯೆ ಎರಡು ಸಲ ತಪ್ಪಾಯಿತು. ಮೂರನೆಯ ಸಲ ಪರದೆ ಬಿಳಿಯಾಗಿ, ಒಂದು ಚಕ್ರ ತಿರುಗಿ ತಿರುಗಿ, ಆಮೇಲೆ ಒಂದೇ ಸಾಲು ಮೂಡಿತು. ಮೀನುಗಾರಿಕೆ ವಿಭಾಗ, ಅರ್ಮಿರಾಕಿ. ಪ್ರವೇಶ ದೊರೆತಿದೆ.

ಅವಳು ಕುರ್ಚಿ ಇದೆಯೇ ಇಲ್ಲವೇ ನೋಡದೆ ಕೂತುಬಿಟ್ಟಳು. ಪುಣ್ಯಕ್ಕೆ ಹಿಂದೆ ಸಕ್ಕರೆ ಮೂಟೆ ಇತ್ತು.

ಅಷ್ಟರಲ್ಲಿ ಬಾಗಿಲಿನಿಂದ ಥೆಮಿಸ್‌ನ ಕೂಗು ಕೇಳಿಸಿತು. "ಏರ್ತು! ಏರ್ತು! ಪಾಸ್ಖಾಲಿಸ್, ಕೇಳಿಸ್ಕೊ! ಕ್ಲಿಯೊ ಅಲ್ಲಿ ಎಲ್ಲರಿಗಿಂತ ಮೊದಲು! ಕಟ್‌ಆಫ್ ಎಷ್ಟು ಗೊತ್ತಾ? ಹನ್ನೊಂದು ಸಾವಿರದ ನೂರ ಅರವತ್ತು!"

ಅರ್ಗಿರೊ ಮೂಟೆಯ ಮೇಲೆ ಕೂತಲ್ಲೇ ಆ ಸಂಖ್ಯೆಯನ್ನು ಕೇಳಿದಳು. ಇನ್ನೊಮ್ಮೆ ಮನಸ್ಸಿನಲ್ಲೇ ಹೇಳಿಕೊಂಡಳು. ಪಟ್ಟಿಯಲ್ಲಿ ಅವಳ ಹಿಂದೆ ಯಾರೂ ಇರಲಿಲ್ಲ. ಇದ್ದವರು ಬಾಗಿಲಾಚೆ ಉಳಿದಿದ್ದರು. ಹತ್ತೋ ಇಪ್ಪತ್ತೋ ಅಂಕ ಕಡಿಮೆ ಬಂದ ಯಾವುದೋ ಮಗು ಈಗ ಯಾವುದೋ ಅಡುಗೆಮನೆಯಲ್ಲಿ ಮಾತಿಲ್ಲದೆ ಕೂತಿರಬೇಕು. ಅದು ಹೇಗಿರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬೀದಿಯಲ್ಲಿ ಥೆಮಿಸ್‌ನ ಭಾಷಣ ನಡೆದೇ ಇತ್ತು. "ಈಗ ಹೇಳು, ಯಾರು ಬೇಕಾದ್ರೂ ನುಗ್ತಾರಾ ಅಲ್ಲಿಗೆ? ಕೊನೇ ಸೀಟು ಸಿಕ್ಕಿದವನೇ ಹನ್ನೊಂದು ಸಾವಿರದವನು! ಏನು ತಲೆ ಇರ್ಬೇಕು ಅವನಿಗೆ!"

"ಯಾರಪ್ಪ ಆ ಮಹಾನುಭಾವ?" ಎಂದ ಪಾಸ್ಖಾಲಿಸ್.

"ನಾನು," ಎಂದಳು ಅರ್ಗಿರೊ.

ಥೆಮಿಸ್ ನಗುತ್ತಲೇ ತಿರುಗಿದ. ಅವಳು ಮೂಟೆಯಿಂದೆದ್ದು ಬಂದು ಮೊಬೈಲನ್ನು ಅವನ ಮುಂದೆ ಹಿಡಿದಳು. ಅವನು ಓದಿದ, ಹೆಂಡತಿಯ ಮುಖ ನೋಡಿದ, ಮತ್ತೆ ಓದಿದ. ಮೆಟ್ಟಿಲಿಳಿದು ಬರುತ್ತಿದ್ದ ಕ್ಲಿಯೊಳನ್ನು ನೋಡಿದ. ಅವಳು, "ಹೌದಪ್ಪ. ದೊಡ್ಡಮ್ಮನ ಮೊಣಕಾಲು ಚೆನ್ನಾಗೇ ಇದೆ," ಎಂದಳು.

ಥೆಮಿಸ್‌ನ ಮುಖದ ಬಣ್ಣವೇ ಇಳಿದುಹೋಯಿತು. ಅವನು ನಿಧಾನವಾಗಿ ಕೇಳಿದ. "ಅರ್ಗಿರೊ... ಇನ್ನೊಬ್ಬ ಹುಡುಗ ಬಂದಿದ್ರೆ? ನಾನು ಇನ್ನೊಬ್ಬನಿಗೆ ತಿನ್ನಿಸಿ ಕಳಿಸಿದ್ರೆ?"

"ನಾನು ಹೊರಗಿರ್ತಿದ್ದೆ."

"ಆಗ ನೀನು ನಂಗೆ ಹೇಳ್ತಿರ್ಲಿಲ್ಲ, ಅಲ್ವಾ?"

"ಇಲ್ಲ," ಎಂದಳು ಅವಳು. "ಇಲ್ಲೇ ಕೂತು ಡಬ್ಬಿ ಕಟ್ಟಿ ಕಟ್ಟಿ ಕೊಡ್ತಿದ್ದೆ."

ಥೆಮಿಸ್ ಅಳುವ ಗಂಡಸಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಆ ನಂಬಿಕೆ ಅವತ್ತಿಗೆ ಮುಗಿಯಿತು. ಅವನು ಆ ಇಸ್ತ್ರಿ ಅಂಗಿಯ ತೋಳಿನಿಂದಲೇ ಮೂಗು ಒರೆಸಿಕೊಂಡ.

ಬೀದಿಯಾಚೆಯಿಂದ ಪಾಸ್ಖಾಲಿಸ್‌ನ ಗಹಗಹ ನಗು ತೇಲಿ ಬಂತು. "ಅಯ್ಯೋ ಮಾರಾಯ! ಮಿಠಾಯಿ ಮಾರೋ ನಿನ್ನ ಹೆಂಡ್ತೀಗೂ ಸೀಟು ಸಿಕ್ತಾ? ಹಾಗಾದ್ರೆ ಆ ನಿನ್ನ ಮೀನಿನ ಕಾಲೇಜು ಕಷ್ಟಾನೋ ಸುಲಭಾನೋ, ಮೊದಲು ಅದನ್ನ ಹೇಳು!"

ಇಂಥ ಮಾತಿಗೆ ಹೆದರಿಯೇ ಥೆಮಿಸ್ ಇಷ್ಟೆಲ್ಲ ಹೂಡಿದ್ದು. ಈಗ ಅವನು ಬೀದಿಯ ನಡುವಿಗೆ ಹೋಗಿ ನಿಂತ.

"ಕೇಳು ಪಾಸ್ಖಾಲಿಸ್. ನಾರ್ವೆಯವ್ರು ಯಾರೂ ಬಂದಿಲ್ಲ. ಜಪಾನಿನವ್ರೂ ಇಲ್ಲ. ನಾನು ಬಾಯಿಗೆ ಬಂದಿದ್ದು ಹೇಳಿ, ಕಂಡೋರಿಗೆಲ್ಲ ತಿನ್ನಿಸಿ ಜನ ಕಳಿಸ್ದೆ. ಅಷ್ಟು ಜನರ ಜೊತೆ ಗುದ್ದಾಡಿ ಒಳಗೆ ಹೋದವಳು ಇವಳು. ನಾನು ಅಡ್ಡ ನಿಂತಿದ್ರೂ ಹೋದ್ಲು. ಕಷ್ಟಾನೋ ಸುಲಭಾನೋ ನಂಗೆ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಅವಳನ್ನ ಕೇಳು."

ಪಾಸ್ಖಾಲಿಸ್ ಅರ್ಗಿರೊಳ ಕಡೆ ನೋಡಿದ. ಬೀದಿಯಲ್ಲಿ ನಿಂತ ಐದಾರು ಮಂದಿಯೂ ನೋಡಿದರು. ಇಷ್ಟು ವರ್ಷ ಅವಳನ್ನು ಗಲಾಕ್ಟೊಬೂರೆಕೊ ಬಿಸಿ ಇದೆಯಾ ಎಂದು ಬಿಟ್ಟರೆ ಬೇರೇನೂ ಕೇಳದವರು.

ಅರ್ಗಿರೊ ಏಪ್ರನ್ನಿಗೆ ಕೈ ಒರೆಸಿಕೊಂಡು ಬಾಗಿಲು ದಾಟಿ ಬಂದಳು. "ಈಗಲೇ ಹೇಗೆ ಹೇಳ್ಲಿ ಪಾಸ್ಖಾಲಿಸ್? ನಾನಿನ್ನೂ ಬಾಗಿಲು ದಾಟಿದೀನಿ ಅಷ್ಟೇ. ಅಕ್ಟೋಬರಿಗೆ ಕ್ಲಾಸು ಶುರು. ನಾಲ್ಕು ವರ್ಷ ತಡ್ಕೊ, ಓದಿ ಮುಗಿಸ್ಕೊಂಡು ಬಂದು ಹೇಳ್ತೀನಿ."